ನೆಲದ ಕಾಯ್ದೆ, ಬಾನಿನ ಕಾವಲು: ಕರ್ನಾಟಕದ ಉಪಗ್ರಹ ಕೇಂದ್ರಗಳ ರಕ್ಷಣೆಯ ಚರಿತ್ರೆ

ಭಾರತದ ಉಪಗ್ರಹಗಳ ಲಗಾಮು ಬಹುಪಾಲು ಕರ್ನಾಟಕದ ನೆಲದಲ್ಲಿದೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಂತೆ ಕಾಣುವ ಸಂಪರ್ಕ ಮತ್ತು ಹವಾಮಾನ ಉಪಗ್ರಹಗಳನ್ನು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತದೆ. ಕೆಳಗಿನ ಕಕ್ಷೆಗಳಲ್ಲಿ ಸುತ್ತುವ ದೂರಸಂವೇದಿ ಉಪಗ್ರಹಗಳು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದ ಮಾತು ಕೇಳುತ್ತವೆ. ಚಂದ್ರ ಮತ್ತು ಮಂಗಳದತ್ತ ಹೋದ ನೌಕೆಗಳ ದನಿ ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದ ದೊಡ್ಡ ಆಂಟೆನಾಗಳಿಗೆ ಬಂದು ತಲುಪುತ್ತದೆ. ವಿಮಾನಗಳಿಗೆ ದಾರಿ ತೋರುವ ಗಗನ್ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಇವುಗಳನ್ನು ಕಾಯುವ ಕಾನೂನು ಮಾತ್ರ ಒಂದೇ ಗ್ರಂಥವಾಗಿ ಹುಟ್ಟಿದ್ದಲ್ಲ. ತಂತಿ, ರೇಡಿಯೊ, ಸರ್ಕಾರಿ ಗುಟ್ಟು, ಕಂಪ್ಯೂಟರ್ ಎಂದು ಬೇರೆ ಬೇರೆ ಕಾಲದಲ್ಲಿ ನೆಲದ ವಸ್ತುಗಳಿಗಾಗಿ ಬರೆದ ಕಾಯ್ದೆಗಳೇ ಒಂದೊಂದಾಗಿ ಉಪಗ್ರಹದ ಕಾವಲಿಗೆ ಬಂದು ಸೇರಿದವು.

ತಂತಿಯ ಕಾಲದ ಕಾಯ್ದೆಗಳು

ಈ ಚರಿತ್ರೆಯ ಮೊದಲ ಕಾಯ್ದೆ ಉಪಗ್ರಹಕ್ಕಿಂತ ಹಲವು ದಶಕ ಹಳೆಯದು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ ಸಂಪರ್ಕವನ್ನು ಸ್ಥಾಪಿಸುವ, ನಡೆಸುವ ಹಕ್ಕು ಸರ್ಕಾರದ್ದು ಮಾತ್ರ ಎಂದು ಸಾರಿತು. ಬೇರೆಯವರು ನಡೆಸಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕಿತ್ತು. ತಂತಿಯನ್ನು ಕೆಡಿಸುವುದು, ಸಂದೇಶಕ್ಕೆ ಅಡ್ಡಿಪಡಿಸುವುದು ಅದರಲ್ಲಿ ಅಪರಾಧವಾಗಿತ್ತು. ಮುಂದೆ ತಿದ್ದುಪಡಿಗಳಿಂದ ಟೆಲಿಗ್ರಾಫ್ ಎಂಬುದರ ವ್ಯಾಖ್ಯೆ ಹಿಗ್ಗಿ ರೇಡಿಯೊ ಅಲೆಗಳನ್ನೂ ಒಳಗೊಂಡಿತು. ಹಾಗಾಗಿ ಉಪಗ್ರಹಕ್ಕೆ ಹೋಗುವ ಸಂಕೇತ ಕಾನೂನಿನ ಕಣ್ಣಿಗೆ ತಂತಿ ಸಂದೇಶದ ವಂಶದ್ದೇ ಆಯಿತು. 1933ರ ಭಾರತೀಯ ನಿಸ್ತಂತು ಟೆಲಿಗ್ರಾಫಿ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ರೇಡಿಯೊ ಉಪಕರಣವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. 1980ರ ದಶಕದವರೆಗೆ ಮನೆಯ ರೇಡಿಯೊಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟುತ್ತಿದ್ದ ಪದ್ಧತಿ ಈ ಕಾನೂನುಗಳ ನೆರಳಿನಲ್ಲೇ ನಡೆದುಬಂದದ್ದು.

ಸಂವಿಧಾನ ಜಾರಿಗೆ ಬಂದಾಗ ಅಂಚೆ, ತಂತಿ, ದೂರವಾಣಿ, ನಿಸ್ತಂತು, ಪ್ರಸಾರ ಮತ್ತು ಅವನ್ನು ಹೋಲುವ ಸಂಪರ್ಕ ವಿಧಾನಗಳು ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಗೆ ಸೇರಿದವು. ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವ, ಅದನ್ನು ಜಾರಿಗೊಳಿಸುವ ಅಧಿಕಾರವೂ ಕೇಂದ್ರದ್ದೇ. ಪೊಲೀಸು ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿ ಉಳಿದವು. ಈ ಹಂಚಿಕೆಯ ಪರಿಣಾಮ ಕರ್ನಾಟಕದಲ್ಲಿ ಇಂದಿಗೂ ಕಾಣುತ್ತದೆ: ಉಪಗ್ರಹದ ಕಾನೂನು ದೆಹಲಿಯದು, ಉಪಗ್ರಹ ಕೇಂದ್ರದ ಕಂಪ್ಯೂಟರಿಗೆ ಯಾರಾದರೂ ನುಗ್ಗಿದರೆ ದೂರು ದಾಖಲಾಗಬಹುದಾದ ಠಾಣೆ ರಾಜ್ಯದ್ದು.

ಪೀಣ್ಯದ ಶೆಡ್ಡಿನಿಂದ ಹಾಸನದವರೆಗೆ

1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಸ್ಥಾಪನೆಯಾದವು. ಸತೀಶ್ ಧವನ್ ಅವರ ಮುಂದಾಳತ್ವದಲ್ಲಿ ಬೆಂಗಳೂರು ಇಲಾಖೆಯ ನೆಲೆಯಾಯಿತು. ಅದೇ ವರ್ಷ ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನಾಯಕತ್ವದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಉಪಗ್ರಹ ಕಟ್ಟುವ ಕೆಲಸ ಶುರುವಾಯಿತು. ಅಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಕಕ್ಷೆಗೆ ಏರಿತು. 1976ರಲ್ಲಿ ಉಪಗ್ರಹಗಳ ಜಾಡು ಹಿಡಿದು ಆದೇಶ ಕಳಿಸುವ ಇಸ್ಟ್ರಾಕ್ ರೂಪುಗೊಂಡಿತು.

ಕನ್ನಡದ ಹಳ್ಳಿಗಳು ಉಪಗ್ರಹವನ್ನು ಕಂಡದ್ದೂ ಇದೇ ಕಾಲದಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ನಡೆಸಿದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ಕರ್ನಾಟಕದಿಂದ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಬೇಸಾಯ, ಆರೋಗ್ಯ, ಶಾಲಾ ಪಾಠಗಳ ಈ ಪ್ರಸಾರದಲ್ಲಿ ರಕ್ಷಣೆಯ ಪ್ರಶ್ನೆ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಉಪಗ್ರಹಕ್ಕೆ ಸಂಕೇತ ಕಳಿಸಬಲ್ಲ ಭೂಕೇಂದ್ರಗಳು ಬೆರಳೆಣಿಕೆಯಷ್ಟಿದ್ದವು, ಎಲ್ಲವೂ ಸರ್ಕಾರದವು. ಅಂಥ ಯಂತ್ರ ಬೇರೆ ಯಾರ ಬಳಿಯೂ ಇಲ್ಲ ಎಂಬುದೇ ಆಗಿನ ದೊಡ್ಡ ರಕ್ಷಣೆಯಾಗಿತ್ತು.

1982 ಕಾನೂನಿನ ದೃಷ್ಟಿಯಿಂದಲೂ ತಂತ್ರಜ್ಞಾನದ ದೃಷ್ಟಿಯಿಂದಲೂ ಮುಖ್ಯ ವರ್ಷ. ಭಾರತ 1967ರ ಬಾಹ್ಯಾಕಾಶ ಒಡಂಬಡಿಕೆಗೆ ಆ ವರ್ಷವೇ ಸಹಿ ಹಾಕಿದ್ದರೂ ಅನುಮೋದಿಸಿದ್ದು 1982ರ ಜನವರಿಯಲ್ಲಿ. ಉಪಗ್ರಹದಿಂದಾದ ಹಾನಿಯ ಹೊಣೆಗೆ ಸಂಬಂಧಿಸಿದ 1972ರ ಒಪ್ಪಂದಕ್ಕೆ 1979ರಲ್ಲಿ ಸೇರಿತ್ತು. ನೋಂದಣಿ ಒಪ್ಪಂದಕ್ಕೆ 1982ರಲ್ಲಿ ಸೇರಿತು. ಒಡಂಬಡಿಕೆಯ ಆರನೆಯ ವಿಧಿಯಂತೆ ಬಾಹ್ಯಾಕಾಶದಲ್ಲಿ ಖಾಸಗಿಯವರು ಮಾಡುವ ಕೆಲಸಕ್ಕೂ ಅವರ ದೇಶವೇ ಹೊಣೆ. ಅನುಮತಿ ಕೊಡುವುದು ಮತ್ತು ನಿರಂತರವಾಗಿ ಮೇಲ್ವಿಚಾರಣೆ ನಡೆಸುವುದು ಆ ದೇಶದ ಕರ್ತವ್ಯ. ಎಂಟನೆಯ ವಿಧಿಯಂತೆ ನೋಂದಾಯಿಸಿದ ದೇಶಕ್ಕೇ ಉಪಗ್ರಹದ ಮೇಲಿನ ಅಧಿಕಾರವೂ ನಿಯಂತ್ರಣವೂ ಉಳಿಯುತ್ತವೆ. ಈ ಹೊಣೆಯನ್ನು ದೇಶದೊಳಗಿನ ಕಾಯ್ದೆಯಾಗಿ ಬರೆಯುವ ಕೆಲಸಕ್ಕೆ ಆಗ ಯಾರೂ ಕೈಹಾಕಲಿಲ್ಲ. ಉಪಗ್ರಹ ಹಾರಿಸುವುದು ಸರ್ಕಾರವೇ ಆದ್ದರಿಂದ ಅದರ ಅಗತ್ಯವೂ ಕಾಣಲಿಲ್ಲ.

ಅದೇ ವರ್ಷ ಹಾಸನದ ಕೇಂದ್ರ ಕೆಲಸ ಆರಂಭಿಸಿತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಮೊದಲಿನಿಂದಲೇ ತೊಂದರೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅದು ಭೂಮಿಯ ಕಡೆಗಿನ ಮುಖ ತಪ್ಪಿ, ಇಂಧನ ಬರಿದಾಗಿ ಕೈಬಿಟ್ಟುಹೋಯಿತು. ಇದರ ಹಿಂದೆ ಯಾರ ಕೈವಾಡವೂ ಇರಲಿಲ್ಲ. ಆದರೂ ಉಪಗ್ರಹದ ಜೀವ ಎಲ್ಲಿದೆ ಎಂಬುದನ್ನು ಆ ಘಟನೆ ಸ್ಪಷ್ಟವಾಗಿ ತೋರಿಸಿತು. ನೆಲದಿಂದ ಹೋಗುವ ಆದೇಶ ಸರಿಯಾದ ಹೊತ್ತಿಗೆ ತಲುಪದಿದ್ದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ನಿರುಪಯೋಗಿಯಾಗುತ್ತದೆ. 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಯಶಸ್ವಿಯಾಯಿತು; ಮರುವರ್ಷದಿಂದ ಊರೂರಿಗೆ ದೂರದರ್ಶನದ ಕಡಿಮೆ ಶಕ್ತಿಯ ಪ್ರಸಾರ ಕಂಬಗಳು ಎದ್ದವು. ಹಾಸನದ ಮೇಲಿನ ಭಾರ ತಗ್ಗಿಸಲು ಮತ್ತು ಒಂದು ಕೇಂದ್ರ ನಿಂತರೂ ಕೆಲಸ ನಡೆಯುವಂತೆ ಮಾಡಲು 2005ರಲ್ಲಿ ಭೋಪಾಲಿನಲ್ಲಿ ಎರಡನೆಯ ನಿಯಂತ್ರಣ ಕೇಂದ್ರ ಆರಂಭವಾಯಿತು.

ಗುಟ್ಟಿನ ಕಾವಲು

ಈ ದಶಕಗಳಲ್ಲಿ ಕೇಂದ್ರಗಳ ರಕ್ಷಣೆ ಎಂದರೆ ಬೇಲಿ, ಗೇಟು, ಗುರುತಿನ ಚೀಟಿ ಮತ್ತು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಪಹರೆ. ಕಾನೂನಿನ ಬೆನ್ನೆಲುಬು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಸರ್ಕಾರದ ನಿಸ್ತಂತು ಮತ್ತು ಸಂಕೇತ ಠಾಣೆಗಳನ್ನು ಅದು ನಿಷೇಧಿತ ಸ್ಥಳಗಳ ಸಾಲಿಗೆ ಸೇರಿಸಿತ್ತು. ಅಲ್ಲಿಗೆ ದುರುದ್ದೇಶದಿಂದ ಸುಳಿಯುವುದು, ನಕ್ಷೆ ಬರೆಯುವುದು, ರಹಸ್ಯ ಸಂಕೇತ ಅಥವಾ ಪಾಸ್‌ವರ್ಡ್ ಅನ್ನು ಶತ್ರುವಿಗೆ ಅನುಕೂಲವಾಗುವಂತೆ ದಾಟಿಸುವುದು ಅಪರಾಧಗಳಾಗಿದ್ದವು. ಕಂಪ್ಯೂಟರಿನ ಕಲ್ಪನೆಯೇ ಇಲ್ಲದ ಕಾಲದ ಆ ಕಾಯ್ದೆಯಲ್ಲಿ ಪಾಸ್‌ವರ್ಡ್ ಎಂದರೆ ಕಾವಲುಗಾರನಿಗೆ ಹೇಳುವ ಗುಟ್ಟಿನ ಮಾತು.

ಈ ಕಾಯ್ದೆಯ ಮಿತಿ 1994ರ ಇಸ್ರೊ ಬೇಹುಗಾರಿಕೆ ಪ್ರಕರಣದಲ್ಲಿ ಬಯಲಾಯಿತು. ಕ್ರಯೋಜೆನಿಕ್ ಎಂಜಿನ್ನಿನ ರಹಸ್ಯ ವಿದೇಶಕ್ಕೆ ಹೋಯಿತೆಂದು ಕೇರಳ ಪೊಲೀಸರು ವಿಜ್ಞಾನಿ ನಂಬಿ ನಾರಾಯಣನ್ ಮೊದಲಾದವರನ್ನು ಬಂಧಿಸಿದರು. 1996ರಲ್ಲಿ ಸಿಬಿಐ ಆರೋಪಕ್ಕೆ ಆಧಾರವಿಲ್ಲವೆಂದಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮರುತನಿಖೆಯ ಯತ್ನವನ್ನು ತಳ್ಳಿಹಾಕಿತು; 2018ರಲ್ಲಿ ನಾರಾಯಣನ್ ಅವರಿಗೆ 50 ಲಕ್ಷ ರೂ. ಪರಿಹಾರ ಕೊಡಿಸಿತು. ಗುಟ್ಟು ಎಂದರೆ ಕಾಗದ, ನಕ್ಷೆ, ಮನುಷ್ಯರ ಭೇಟಿ ಎಂದಷ್ಟೇ ತಿಳಿದ ಕಾನೂನು ನಿರಪರಾಧಿಗಳನ್ನು ಹಿಡಿಯುವಷ್ಟು ಸಡಿಲವೂ ಆಗಿತ್ತು, ದತ್ತಾಂಶ ಹೇಗೆ ಸಾಗುತ್ತದೆ ಎಂಬುದನ್ನು ಅರಿಯದಷ್ಟು ಹಳೆಯದೂ ಆಗಿತ್ತು.

ಕಂಪ್ಯೂಟರ್ ಕಾಯ್ದೆ

2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ಕಾಯ್ದೆಯಲ್ಲಿ ಉಪಗ್ರಹದ ಹೆಸರಿಲ್ಲ. ಆದರೆ ಹಾಸನದಲ್ಲಿರಲಿ, ಪೀಣ್ಯದಲ್ಲಿರಲಿ, ಉಪಗ್ರಹಕ್ಕೆ ಆದೇಶ ಹೊರಡುವುದು ಕಂಪ್ಯೂಟರಿನಿಂದಲೇ. ಅನುಮತಿಯಿಲ್ಲದೆ ಕಂಪ್ಯೂಟರಿಗೆ ನುಗ್ಗುವುದು, ವೈರಸ್ ಬಿಡುವುದು, ಸೇವೆ ತಡೆಯುವುದು 43 ಮತ್ತು 66ನೇ ಕಲಂಗಳ ಅಡಿಯಲ್ಲಿ ಬರುತ್ತವೆ. ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸರ್ಕಾರ ಸಂರಕ್ಷಿತವೆಂದು ಅಧಿಸೂಚನೆ ಹೊರಡಿಸಿದ ವ್ಯವಸ್ಥೆಗೆ ನುಗ್ಗಿದರೆ 70ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಶಿಕ್ಷೆ.

2008ರ ತಿದ್ದುಪಡಿ 2009ರ ಅಕ್ಟೋಬರಿನಲ್ಲಿ ಜಾರಿಯಾದಾಗ ಮೂರು ಮುಖ್ಯ ಸೇರ್ಪಡೆಗಳಾದವು. ಸೈಬರ್ ಭಯೋತ್ಪಾದನೆಗೆ ಜೀವಾವಧಿ ಶಿಕ್ಷೆಯವರೆಗೆ ಅವಕಾಶವಿರುವ 66ಎಫ್ ಕಲಂ ಬಂತು. ಕೆಟ್ಟುಹೋದರೆ ದೇಶದ ಭದ್ರತೆ, ಆರ್ಥಿಕತೆ, ಜನಾರೋಗ್ಯ, ಸುರಕ್ಷತೆ ಕುಸಿಯುವಂಥ ಕಂಪ್ಯೂಟರ್ ವ್ಯವಸ್ಥೆಗಳನ್ನು ನಿರ್ಣಾಯಕ ಮಾಹಿತಿ ಮೂಲಸೌಕರ್ಯವೆಂದು ಗುರುತಿಸಿ, ಅದರ ರಕ್ಷಣೆಗೆ ರಾಷ್ಟ್ರೀಯ ಸಂಸ್ಥೆಯೊಂದನ್ನು ನೇಮಿಸಲು 70ಎ ಕಲಂ ಅವಕಾಶ ಕೊಟ್ಟಿತು. 2014ರ ಜನವರಿಯಲ್ಲಿ ಎನ್‌ಸಿಐಐಪಿಸಿ ಆ ಸಂಸ್ಥೆಯಾಗಿ ನೇಮಕಗೊಂಡಿತು. ಸೈಬರ್ ಘಟನೆಗಳಿಗೆ ಸ್ಪಂದಿಸುವ ರಾಷ್ಟ್ರೀಯ ತಂಡವಾಗಿ 2004ರಿಂದ ಕೆಲಸ ಮಾಡುತ್ತಿದ್ದ ಸರ್ಟ್-ಇನ್‌ಗೆ 70ಬಿ ಕಲಂ ಶಾಸನಬದ್ಧ ಸ್ಥಾನ ನೀಡಿತು. ಇದರ ಜೊತೆಗೆ ಈ ಅಪರಾಧಗಳ ತನಿಖೆಯ ಅಧಿಕಾರ ಇನ್‌ಸ್ಪೆಕ್ಟರ್ ಹಂತಕ್ಕೂ ಇಳಿಯಿತು. ಕಾಲಕ್ರಮದಲ್ಲಿ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ಸಿಇಎನ್ ಠಾಣೆಗಳು ಬಂದವು.

ಕಾಯ್ದೆಯ 75ನೇ ಕಲಂ ವಿದೇಶದಲ್ಲಿ ಕುಳಿತು ಮಾಡಿದ ದಾಳಿಗೂ ಅನ್ವಯಿಸುತ್ತದೆ, ಆದರೆ ದಾಳಿಗೊಳಗಾದ ಕಂಪ್ಯೂಟರ್ ಅಥವಾ ಜಾಲ ಭಾರತದಲ್ಲಿರಬೇಕು. ಹಾಸನದ ಕಂಪ್ಯೂಟರ್ ಭಾರತದಲ್ಲಿದೆ. ಆದೇಶ ಪಡೆಯುವ ಉಪಗ್ರಹದೊಳಗಿನ ಕಂಪ್ಯೂಟರ್ ಯಾವ ದೇಶದ ನೆಲದಲ್ಲೂ ಇಲ್ಲ. ಹೊರದೇಶದಲ್ಲಿರುವವರು ಹಾಸನವನ್ನು ಮುಟ್ಟದೆ ನೇರವಾಗಿ ಉಪಗ್ರಹಕ್ಕೇ ಸುಳ್ಳು ಆದೇಶ ಕಳಿಸಿದರೆ ಅದನ್ನು ಈ ಕಲಮಿನೊಳಗೆ ತರಲು ವಾದ ಹೂಡಬೇಕಾಗುತ್ತದೆ. ಬಾಹ್ಯಾಕಾಶ ಒಡಂಬಡಿಕೆಯ ಎಂಟನೆಯ ವಿಧಿ ಭಾರತಕ್ಕೆ ಅಧಿಕಾರ ಕೊಟ್ಟಿದೆ. ಆ ಅಧಿಕಾರವನ್ನು ಅಪರಾಧ ಮತ್ತು ಶಿಕ್ಷೆಯ ರೂಪಕ್ಕೆ ಇಳಿಸಿದ ದೇಶೀಯ ಕಾಯ್ದೆ ಇಲ್ಲ.

ದಾಳಿಯ ದಾರಿಗಳು

ಉಪಗ್ರಹ ವ್ಯವಸ್ಥೆಗೆ ನಾಲ್ಕು ಅಂಗಗಳಿವೆ: ಬಾನಿನಲ್ಲಿರುವ ಉಪಗ್ರಹ, ನೆಲದ ನಿಯಂತ್ರಣ ಕೇಂದ್ರ, ಇವೆರಡರ ನಡುವಿನ ರೇಡಿಯೊ ಕೊಂಡಿ ಮತ್ತು ಬಳಕೆದಾರರ ಉಪಕರಣ. ಉಪಗ್ರಹ ತನ್ನ ಬಿಸಿ, ವಿದ್ಯುತ್ತು, ದಿಕ್ಕುಗಳ ವರದಿಯನ್ನು ಟೆಲಿಮೆಟ್ರಿಯಾಗಿ ಕಳಿಸುತ್ತದೆ. ನೆಲದಿಂದ ಆದೇಶಗಳು ಟೆಲಿಕಮಾಂಡ್ ಆಗಿ ಹೋಗುತ್ತವೆ. ಕೊಂಡಿಯ ಮೇಲೆ ಹೆಚ್ಚು ಶಕ್ತಿಯ ಸಂಕೇತ ಸುರಿದು ಸದ್ದಿನಲ್ಲಿ ಮುಳುಗಿಸುವುದು ಜ್ಯಾಮಿಂಗ್. ನಿಜದಂತೆ ತೋರುವ ಸುಳ್ಳು ಸಂಕೇತ ಕಳಿಸುವುದು ಸ್ಪೂಫಿಂಗ್. ನಿಯಂತ್ರಣ ಕೇಂದ್ರದ ಕಂಪ್ಯೂಟರಿಗೆ ಕುತಂತ್ರಾಂಶ ನುಗ್ಗಿಸುವುದು ಮೂರನೆಯ ದಾರಿ. ಬಿಡಿಭಾಗ ಅಥವಾ ತಂತ್ರಾಂಶ ಪೂರೈಸುವವರ ಮೂಲಕ ಮೊದಲೇ ದೋಷ ಸೇರಿಸುವುದು ನಾಲ್ಕನೆಯದು. ಆದೇಶಗಳನ್ನು ಗೂಢಲಿಪಿಯಲ್ಲಿ ಕಳಿಸುವುದು, ಕಳಿಸಿದವರು ಯಾರೆಂದು ಉಪಗ್ರಹವೇ ಪರೀಕ್ಷಿಸುವಂತೆ ಮಾಡುವುದು, ನಿಯಂತ್ರಣ ಜಾಲವನ್ನು ಅಂತರಜಾಲದಿಂದ ಬೇರ್ಪಡಿಸುವುದು ಮುಖ್ಯ ತಡೆಗಳು.

ದಾಳಿಯೊಂದು ಕಾನೂನಿಗೆ ಕಾರಣವಾದ ಹಳೆಯ ಉದಾಹರಣೆ ಅಮೆರಿಕದ್ದು. 1986ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಭೂಕೇಂದ್ರವೊಂದರ ನೌಕರನೊಬ್ಬ ಕ್ಯಾಪ್ಟನ್ ಮಿಡ್‌ನೈಟ್ ಎಂಬ ಹೆಸರಿನಲ್ಲಿ ಎಚ್‌ಬಿಒ ವಾಹಿನಿಯ ಉಪಗ್ರಹ ಸಂಕೇತವನ್ನು ಮೀರಿಸಿ ತನ್ನ ಸಂದೇಶ ತೋರಿಸಿದ. ಅದೇ ವರ್ಷ ಉಪಗ್ರಹ ಪ್ರಸಾರಕ್ಕೆ ಬೇಕೆಂದೇ ಅಡ್ಡಿಪಡಿಸುವುದು ಅಲ್ಲಿ ಪ್ರತ್ಯೇಕ ಅಪರಾಧವಾಯಿತು. ಭಾರತದ ನೆರೆಯಲ್ಲಿ, 2007ರಲ್ಲಿ ಎಲ್‌ಟಿಟಿಇ ಇಂಟೆಲ್‌ಸ್ಯಾಟ್ ಉಪಗ್ರಹವೊಂದರ ಖಾಲಿ ಸಾಮರ್ಥ್ಯವನ್ನು ಅನುಮತಿಯಿಲ್ಲದೆ ಬಳಸಿ ಪ್ರಸಾರ ನಡೆಸಿದ್ದು ಬಯಲಾಯಿತು. ಇಂಥ ಅಡ್ಡಿಗಳನ್ನು ಪತ್ತೆಮಾಡಲು ಭಾರತದ ನಿಸ್ತಂತು ನಿಗಾ ಸಂಸ್ಥೆ ಮಹಾರಾಷ್ಟ್ರದ ಜಾಲ್ನಾದಲ್ಲಿ ಉಪಗ್ರಹ ನಿಗಾ ಭೂಕೇಂದ್ರ ನಡೆಸುತ್ತದೆ.

2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೆಟ್ಟು, ಅದರ 24 ಟ್ರಾನ್ಸ್‌ಪಾಂಡರುಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ಆ ವರ್ಷ ಇರಾನಿನ ಪರಮಾಣು ಸ್ಥಾವರದಲ್ಲಿ ಹಾನಿ ಮಾಡಿದ ಸ್ಟಕ್ಸ್‌ನೆಟ್ ಕುತಂತ್ರಾಂಶವೇ ಇದಕ್ಕೂ ಕಾರಣವಿರಬಹುದೆಂದು ವಿದೇಶಿ ವಿಶ್ಲೇಷಕರೊಬ್ಬರು ಶಂಕಿಸಿದರು. ಸ್ಟಕ್ಸ್‌ನೆಟ್ ಗುರಿಯಾಗಿಸುವ ಬಗೆಯ ನಿಯಂತ್ರಕ ಆ ಉಪಗ್ರಹದಲ್ಲಿ ಇಲ್ಲವೆಂದು ಇಸ್ರೊ ಶಂಕೆಯನ್ನು ತಳ್ಳಿಹಾಕಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಉಪಗ್ರಹ ಮೌನವಾದಾಗ ಅದು ಯಂತ್ರದ ದೋಷವೋ ಹೊರಗಿನ ಕೈವಾಡವೋ ಎಂದು ತಿಳಿಯಲು ನೆಲದಲ್ಲಿ ಉಳಿದ ದಾಖಲೆಗಳೇ ಆಧಾರ. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸರ್ಟ್-ಇನ್ ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದದ್ದರ ಮಹತ್ವ ಇಲ್ಲಿದೆ.

ಅದಕ್ಕೆ ಎರಡು ತಿಂಗಳು ಮೊದಲು ಜಗತ್ತು ಒಂದು ದೊಡ್ಡ ದಾಳಿ ನೋಡಿತ್ತು. 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ಆಕ್ರಮಣ ಆರಂಭಿಸಿದ ಹೊತ್ತಿಗೆ, ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಜಾಲದ ಸಾವಿರಾರು ಮೋಡೆಮ್‌ಗಳು ಒಮ್ಮೆಲೇ ಸತ್ತವು. ದಾಳಿಕೋರರು ಉಪಗ್ರಹವನ್ನು ಮುಟ್ಟಲಿಲ್ಲ. ನೆಲದ ನಿರ್ವಹಣಾ ಜಾಲಕ್ಕೆ ನುಗ್ಗಿ, ಗ್ರಾಹಕರ ಮೋಡೆಮ್‌ಗಳ ಸ್ಮೃತಿಯನ್ನು ಅಳಿಸಿದರು. ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ತಪ್ಪಿತು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳನ್ನು ಕಂಡವರಿಗೆ ಈ ಹಾನಿಯ ಸ್ವರೂಪ ಸುಲಭವಾಗಿ ತಿಳಿದೀತು. ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ, ಬ್ರಿಟನ್, ಅಮೆರಿಕಗಳು ರಷ್ಯಾವನ್ನು ಹೊಣೆಯಾಗಿಸಿದವು. ಭಾರತದ ಕೇಂದ್ರಗಳೂ ಗುರಿಯಾಗದೆ ಉಳಿದಿಲ್ಲ. ಇಸ್ರೊ ಮೇಲೆ ದಿನಕ್ಕೆ 100ಕ್ಕೂ ಹೆಚ್ಚು ಸೈಬರ್ ದಾಳಿಗಳ ಯತ್ನ ನಡೆಯುತ್ತದೆಂದು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಹೇಳಿದರು.

ಹಿರೇಕೆರೂರಿನ ತುದಿಯಲ್ಲಿ

ಈ ರಕ್ಷಣೆ ಯಾರಿಗಾಗಿ ಎಂಬುದು ಹಾಸನ, ಬೆಂಗಳೂರುಗಳಿಗಿಂತ ದೂರದ ತಾಲ್ಲೂಕುಗಳಲ್ಲಿ ಸ್ಪಷ್ಟವಾಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯ ಹಿರೇಕೆರೂರು ಗೋವಿನಜೋಳ, ಹತ್ತಿ ಬೆಳೆಯುವ, ಕೆರೆಗಳ ಸೀಮೆ. ಅಲ್ಲಿನ ಮನೆಗಳ ಮೇಲಿನ ಡಿಟಿಎಚ್ ಡಿಶ್ ನೋಡುವುದು ಭೂಸ್ಥಿರ ಕಕ್ಷೆಯತ್ತ. ಬಿತ್ತನೆಗೆ ಕಾಯುವ ರೈತ ಕೇಳುವ ಮಳೆಯ ಮುನ್ಸೂಚನೆಗೆ ಇನ್ಸಾಟ್ ಸರಣಿಯ ಮೋಡದ ಚಿತ್ರಗಳೂ ಆಧಾರ. ರಾಜ್ಯದ ಬೆಳೆ ಸಮೀಕ್ಷೆಯ ಆ್ಯಪ್ ಹೊಲದ ಚಿತ್ರದ ಜೊತೆ ಉಪಗ್ರಹ ಕೊಟ್ಟ ಸ್ಥಾನವನ್ನೂ ದಾಖಲಿಸುತ್ತದೆ. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಗಳಿಗೆ ಆ ದಾಖಲೆ ಬೇಕು. ಮದಗ ಮಾಸೂರಿನಂಥ ಹಳೆಯ ಕೆರೆಗಳ ನೀರಿನ ಹರವನ್ನು ಬಾನಿನಿಂದ ಅಳೆಯಬಹುದು. ಅಂಥ ಕೆಲಸಕ್ಕೆಂದೇ ಬೆಂಗಳೂರಿನಲ್ಲಿ ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರವಿದೆ. 108 ಆಂಬುಲೆನ್ಸಿನ ಜಾಡು, ಮೊಬೈಲ್ ಗೋಪುರಗಳ ಸಮಯದ ಹೊಂದಾಣಿಕೆ, ತಂತಿ ತಲುಪದ ಕಡೆ ಬ್ಯಾಂಕಿನ ಸಂಪರ್ಕ ಇವಕ್ಕೂ ಉಪಗ್ರಹ ಬೇಕು.

ಸ್ಥಾನ ಸಂಕೇತ ಬಲು ದುರ್ಬಲ. ಸುಮಾರು 20,000 ಕಿ.ಮೀ. ದೂರದಿಂದ ಬರುವ ಜಿಪಿಎಸ್ ಸಂಕೇತವನ್ನು ನೆಲದ ಮೇಲಿನ ಸಣ್ಣ ಉಪಕರಣವೂ ಕೆಡಿಸಬಲ್ಲದು. 2025ರಲ್ಲಿ ಬೆಂಗಳೂರು ಸೇರಿ ದೇಶದ ದೊಡ್ಡ ವಿಮಾನ ನಿಲ್ದಾಣಗಳ ಬಳಿ ಇಂಥ ಅಡ್ಡಿಯ ವರದಿಗಳು ಬಂದಿವೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾದ ಇಸ್ರೊ ಸಂಚಾರ ಕೇಂದ್ರ ನಡೆಸುವ, ಭಾರತದ್ದೇ ಆದ ಸ್ಥಾನ ನಿರ್ದೇಶನ ವ್ಯವಸ್ಥೆ ನಾವಿಕ್ ಎರಡು ಬಗೆಯ ಸೇವೆ ಕೊಡುತ್ತದೆ: ಎಲ್ಲರಿಗೂ ತೆರೆದ ಸಾಮಾನ್ಯ ಸೇವೆ ಮತ್ತು ಅಧಿಕೃತ ಬಳಕೆದಾರರಿಗಾಗಿ ಗೂಢಲಿಪಿಯಲ್ಲಿರುವ ಸೇವೆ. ಸೇನೆಗೆ ಸಿಗುವ ಈ ರಕ್ಷಣೆ ಹೊಲದಲ್ಲಿ ನಿಂತ ರೈತನ ಮೊಬೈಲಿಗೆ ಇಲ್ಲ. ಆ ತುದಿಯಲ್ಲಿ ಉಳಿಯುವುದು ಅಡ್ಡಿಪಡಿಸುವವರನ್ನು ಶಿಕ್ಷಿಸುವ ಕಾನೂನು ಮಾತ್ರ.

ಖಾಸಗಿ ಕಂಪನಿಗಳು ಬಂದ ಮೇಲೆ

ಸರ್ಕಾರವೇ ಎಲ್ಲವನ್ನೂ ನಡೆಸುತ್ತಿದ್ದಾಗ ಇಲಾಖೆಯ ಆದೇಶವೇ ಕಾನೂನಿನ ಕೆಲಸ ಮಾಡುತ್ತಿತ್ತು. ಈ ಪದ್ಧತಿಯ ಕೊರತೆಯನ್ನು ಮೊದಲು ತೋರಿಸಿದ್ದು ಬೆಂಗಳೂರಿನದೇ ಒಂದು ಒಪ್ಪಂದ. ಇಸ್ರೊದ ವಾಣಿಜ್ಯ ಅಂಗವಾದ ಆಂತ್ರಿಕ್ಸ್ 2005ರ ಜನವರಿ 28ರಂದು ದೇವಾಸ್ ಮಲ್ಟಿಮೀಡಿಯಾ ಜೊತೆ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯ ಗುತ್ತಿಗೆಗೆ ಕೊಡುವ ಕರಾರು ಮಾಡಿಕೊಂಡಿತು. 2011ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಆಯಕಟ್ಟಿನ ಅಗತ್ಯಗಳನ್ನು ಮುಂದೊಡ್ಡಿ ಅದನ್ನು ರದ್ದುಗೊಳಿಸಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ ಆಂತ್ರಿಕ್ಸ್ 56.25 ಕೋಟಿ ಡಾಲರ್ ಕೊಡಬೇಕೆಂದಿತು. 2021ರಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ವಂಚನೆಯ ಕಾರಣಕ್ಕೆ ದೇವಾಸ್ ಮುಚ್ಚಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಾಹ್ಯಾಕಾಶ ಸಂಪನ್ಮೂಲವನ್ನು ಭದ್ರತೆಗಾಗಿ ಯಾವಾಗ, ಯಾವ ವಿಧಾನದಲ್ಲಿ ಹಿಂಪಡೆಯಬಹುದು ಎಂದು ಹೇಳುವ ಕಾಯ್ದೆ ಇಲ್ಲದ ಕಾರಣ ಆ ಪ್ರಶ್ನೆಗೆ ಉತ್ತರವನ್ನು ಕರಾರು, ಮಧ್ಯಸ್ಥಿಕೆ ಮತ್ತು ಕಂಪನಿ ಕಾನೂನುಗಳಲ್ಲಿ ಹುಡುಕಬೇಕಾಯಿತು.

2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದು, ಅನುಮತಿ ಕೊಡಲು ಇನ್‌ಸ್ಪೇಸ್ ಸಂಸ್ಥೆಯನ್ನು ಘೋಷಿಸಿತು. ಪಿಕ್ಸೆಲ್, ದಿಗಂತರ, ಬೆಲ್ಲಾಟ್ರಿಕ್ಸ್ ಮೊದಲಾದ ಬೆಂಗಳೂರಿನ ಕಂಪನಿಗಳು ಉಪಗ್ರಹ, ಕಕ್ಷೆಯ ನಿಗಾ, ಎಂಜಿನ್‌ಗಳ ಕೆಲಸದಲ್ಲಿವೆ. 2023ರ ಏಪ್ರಿಲ್‌ನಲ್ಲಿ ಬಂದ ಭಾರತೀಯ ಬಾಹ್ಯಾಕಾಶ ನೀತಿ ಇಸ್ರೊ, ಇನ್‌ಸ್ಪೇಸ್, ಸರ್ಕಾರಿ ವಾಣಿಜ್ಯ ಕಂಪನಿ ನ್ಯೂಸ್ಪೇಸ್ ಇಂಡಿಯಾ ಮತ್ತು ಬಾಹ್ಯಾಕಾಶ ಇಲಾಖೆಯ ಪಾತ್ರಗಳನ್ನು ಬಿಡಿಸಿ ಹೇಳಿತು; 2024ರ ಮೇ ತಿಂಗಳಲ್ಲಿ ಅನುಮತಿಯ ವಿವರವಾದ ಮಾರ್ಗಸೂಚಿ ಹೊರಬಿತ್ತು. ಆದರೆ ನೀತಿ ಶಾಸನವಲ್ಲ. ಅನುಮತಿಯ ಷರತ್ತು ಮುರಿದವರ ಅನುಮತಿ ಹಿಂಪಡೆಯಬಹುದೇ ಹೊರತು ನೀತಿಯೊಂದರ ಬಲದಿಂದ ಯಾರನ್ನೂ ಸೆರೆಗೆ ಕಳಿಸಲಾಗದು.

ತಂತಿಯ ಕಾಲದ ಕಾಯ್ದೆಗಳಿಗೆ ಉತ್ತರಾಧಿಕಾರಿ ಬಂದದ್ದು 2023ರ ಡಿಸೆಂಬರಿನಲ್ಲಿ. 1885 ಮತ್ತು 1933ರ ಕಾಯ್ದೆಗಳ ಸ್ಥಾನಕ್ಕೆ ಬಂದ ದೂರಸಂಪರ್ಕ ಕಾಯ್ದೆ ಉಪಗ್ರಹ ಸೇವೆಯ ತರಂಗಾಂತರವನ್ನು ಹರಾಜಿಲ್ಲದೆ ಹಂಚಲು ಅವಕಾಶ ಕೊಟ್ಟಿತು. ನಿರ್ಣಾಯಕ ದೂರಸಂಪರ್ಕ ಮೂಲಸೌಕರ್ಯವನ್ನು ಗುರುತಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ದೂರಸಂಪರ್ಕ ಜಾಲಕ್ಕೆ ಅನಧಿಕೃತವಾಗಿ ನುಗ್ಗಿದರೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಕೋಟಿ ರೂ.ವರೆಗೆ ದಂಡ ಅಥವಾ ಎರಡೂ. 2024ರ ನವೆಂಬರಿನಲ್ಲಿ ಇದರಡಿ ಬಂದ ಸೈಬರ್ ಭದ್ರತಾ ನಿಯಮಗಳು ಘಟನೆಯನ್ನು ಆರು ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂದವು. 2025ರ ಮೇ ತಿಂಗಳಲ್ಲಿ ಉಪಗ್ರಹ ಸಂಪರ್ಕ ಸೇವೆಯ ಲೈಸೆನ್ಸಿಗೆ ಹೊಸ ಭದ್ರತಾ ಷರತ್ತುಗಳು ಸೇರಿ, ಭಾರತದ ಬಳಕೆದಾರರ ದತ್ತಾಂಶ ದೇಶದೊಳಗೇ ಇರಬೇಕೆಂಬುದು ಕಡ್ಡಾಯವಾಯಿತು. ಸಂಪರ್ಕ ಉಪಗ್ರಹಗಳ ಮಟ್ಟಿಗೆ ಇದು ಬಲವಾದ ಕಾವಲು. ಭೂಮಿಯ ಚಿತ್ರ ತೆಗೆಯುವ ಉಪಗ್ರಹ, ಅದರ ನಿಯಂತ್ರಣ ತಂತ್ರಾಂಶ, ಅದನ್ನು ಕಟ್ಟುವ ಕಾರ್ಖಾನೆಗಳು ದೂರಸಂಪರ್ಕದ ವ್ಯಾಖ್ಯೆಯೊಳಗೆ ಅಷ್ಟು ಸಲೀಸಾಗಿ ಬರುವುದಿಲ್ಲ.

ರಾಜ್ಯವೂ ತನ್ನ ಪಾಲಿನ ಕೆಲಸಕ್ಕೆ ಇಳಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಸೈಸೆಕ್ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ತರಬೇತಿ, ಸಂಶೋಧನೆ ನಡೆಸುತ್ತದೆ. 2024ರಲ್ಲಿ ಕರ್ನಾಟಕ ಸೈಬರ್ ಭದ್ರತಾ ನೀತಿ ಪ್ರಕಟವಾಯಿತು. ಕೇಂದ್ರದ ಕಡೆಯಿಂದ, ಸೇನೆಯ ಮೂರೂ ಅಂಗಗಳಿಗಾಗಿ 2019ರಲ್ಲಿ ರಚನೆಯಾದ ರಕ್ಷಣಾ ಬಾಹ್ಯಾಕಾಶ ಸಂಸ್ಥೆಯ ಕೇಂದ್ರಸ್ಥಾನವೂ ಬೆಂಗಳೂರೇ. ಕಕ್ಷೆಯಲ್ಲಿ ಉಪಗ್ರಹಗಳಿಗೆ ಎದುರಾಗುವ ಡಿಕ್ಕಿಯ ಅಪಾಯ ಗಮನಿಸಲು ಪೀಣ್ಯದಲ್ಲಿ 2020ರ ಡಿಸೆಂಬರಿನಲ್ಲಿ ನಿಯಂತ್ರಣ ಕೇಂದ್ರ ತೆರೆಯಿತು.

ಬಾಹ್ಯಾಕಾಶ ಕಾಯ್ದೆಯ ಕರಡು

ಉಪಗ್ರಹವನ್ನೇ ಹೆಸರಿಸುವ ಭಾರತೀಯ ಕಾಯ್ದೆಯ ಗಂಭೀರ ಯತ್ನ 2017ರ ನವೆಂಬರಿನದು. ಬಾಹ್ಯಾಕಾಶ ಇಲಾಖೆ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಖಾಸಗಿಯವರಿಗೆ ಲೈಸೆನ್ಸ್, ಉಪಗ್ರಹಗಳ ನೋಂದಣಿ, ಹಾನಿಯ ಹೊಣೆ, ಷರತ್ತು ಮುರಿದರೆ ಶಿಕ್ಷೆ ಇವು ಅದರ ಹುರುಳು. ಸೈಬರ್ ಭದ್ರತೆಗೆ ಅದರಲ್ಲಿ ವಿಸ್ತಾರವಾದ ಸ್ಥಾನ ಇರಲಿಲ್ಲ. 2020ರ ಸುಧಾರಣೆ ಮತ್ತು 2023ರ ನೀತಿಯ ನಂತರ ಕರಡನ್ನು ಹೊಸದಾಗಿ ಬರೆಯುವ ಕೆಲಸ ಶುರುವಾಯಿತು. 2025ರ ಹೊತ್ತಿಗೂ ಅದು ಸಂಸತ್ತಿನ ಅಂಗೀಕಾರ ಪಡೆದಿರಲಿಲ್ಲ.

ಬೇರೆ ದೇಶಗಳು ಈ ದಾರಿಯಲ್ಲಿ ಮುಂದೆ ಸಾಗಿವೆ. ಫ್ರಾನ್ಸ್ 2008ರಲ್ಲಿ, ಜಪಾನ್ 2016ರಲ್ಲಿ ಬಾಹ್ಯಾಕಾಶ ಕಾಯ್ದೆ ಮಾಡಿಕೊಂಡವು. ಅಮೆರಿಕ 2020ರ ಸೆಪ್ಟೆಂಬರಿನಲ್ಲಿ ಬಾಹ್ಯಾಕಾಶ ವ್ಯವಸ್ಥೆಗಳ ಸೈಬರ್ ಭದ್ರತೆಗೆಂದೇ ಪ್ರತ್ಯೇಕ ನೀತಿಸೂತ್ರ ಹೊರಡಿಸಿತು. ಯುರೋಪಿಯನ್ ಒಕ್ಕೂಟ 2022ರ ಸೈಬರ್ ನಿರ್ದೇಶನದಲ್ಲಿ ಬಾಹ್ಯಾಕಾಶ ಸೇವೆಗಳಿಗೆ ಬೇಕಾದ ನೆಲದ ಮೂಲಸೌಕರ್ಯವನ್ನು ಅತಿ ನಿರ್ಣಾಯಕ ಕ್ಷೇತ್ರಗಳ ಪಟ್ಟಿಗೆ ಸೇರಿಸಿತು. ವಯಾಸ್ಯಾಟ್ ದಾಳಿ ಕಲಿಸಿದ ಪಾಠಕ್ಕೆ ಅದು ತಕ್ಕ ಉತ್ತರ: ಬಾನಿನ ಯಂತ್ರವನ್ನು ಉರುಳಿಸಲು ಬಹುತೇಕ ದಾಳಿಕೋರರು ಹುಡುಕುವುದು ನೆಲದ ಬಾಗಿಲನ್ನೇ.

ಭಾರತದ ಹೊಸ ಕಾಯ್ದೆ ಬರುವಾಗ ಅದು ತುಂಬಬೇಕಾದ ಕೊರತೆಗಳು ಈ ಚರಿತ್ರೆಯಿಂದಲೇ ತಿಳಿಯುತ್ತವೆ. ಭಾರತದಲ್ಲಿ ನೋಂದಾಯಿಸಿದ ಉಪಗ್ರಹಕ್ಕೆ ಸುಳ್ಳು ಆದೇಶ ಕಳಿಸುವುದು, ಅದು ಎಲ್ಲಿಂದ ಬಂದರೂ, ಭಾರತದ ಕಾನೂನಿನಲ್ಲಿ ಅಪರಾಧವೆಂದು ನೇರವಾಗಿ ಬರೆಯಬೇಕು. ನಿಯಂತ್ರಣ ಕೇಂದ್ರ ನಡೆಸುವ ಖಾಸಗಿ ಕಂಪನಿ ಗೂಢಲಿಪಿ, ದೃಢೀಕರಣ, ದಾಖಲೆ ಉಳಿಸುವಿಕೆಯ ಕನಿಷ್ಠ ಮಟ್ಟ ಪಾಲಿಸದಿದ್ದರೆ ಯಾರಿಗೆ ಎಷ್ಟು ಹೊಣೆ ಎಂಬುದು ಸ್ಪಷ್ಟವಾಗಬೇಕು. ಇನ್‌ಸ್ಪೇಸ್, ಎನ್‌ಸಿಐಐಪಿಸಿ, ಸರ್ಟ್-ಇನ್, ದೂರಸಂಪರ್ಕ ಇಲಾಖೆಗಳಲ್ಲಿ ಮೊದಲ ವರದಿ ಯಾರಿಗೆ ಹೋಗಬೇಕೆಂಬುದು ಗೊತ್ತಾಗಬೇಕು. ತನಿಖೆಯ ಹಂತದಲ್ಲಿ ಕೇಂದ್ರದ ತಜ್ಞರು ಮತ್ತು ರಾಜ್ಯದ ಠಾಣೆಗಳ ನಡುವಿನ ಕೆಲಸದ ಹಂಚಿಕೆಯೂ ಅಷ್ಟೇ ಅಗತ್ಯ. ಅಲ್ಲಿಯವರೆಗೆ ಹಾಸನ, ಪೀಣ್ಯ, ಬ್ಯಾಲಾಳುಗಳನ್ನು ಕಾಯುವುದು 1923ರ ರಹಸ್ಯ ಕಾಯ್ದೆ, 2000ದ ಕಂಪ್ಯೂಟರ್ ಕಾಯ್ದೆ ಮತ್ತು 2023ರ ದೂರಸಂಪರ್ಕ ಕಾಯ್ದೆಗಳು ಒಟ್ಟುಗೂಡಿ ಕೊಡುವ ರಕ್ಷಣೆ.